ಪೋಷಕ ನಟನ ಸಂಬಳ ಕೊಡುತ್ತಿದ್ದವರು ಯಾರು?

ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಹದಿನೇಳು ವರ್ಷ ಕಳೆದ ಮೇಲೆ, 2018ರ ಡಿಸೆಂಬರ್‌ನಲ್ಲಿ, ಒಂದು ಸಿನಿಮಾದಿಂದಾಗಿ ಆ ಊರಿನ ಹೆಸರು ಮತ್ತೆ ದೇಶದ ಬಾಯಲ್ಲಿ ಓಡಾಡತೊಡಗಿತು. ಪ್ರಶಾಂತ್ ನೀಲ್ ನಿರ್ದೇಶನದ ‘ಕೆಜಿಎಫ್’ ಚಿತ್ರದ ನಾಯಕನ ಬಗ್ಗೆ ಬರೆಯಬೇಕಾದ್ದನ್ನೆಲ್ಲ ಬರೆದಾಗಿದೆ. ನಾಯಕನನ್ನು ಬಿಟ್ಟು ಉಳಿದ ಪಾತ್ರವರ್ಗದ ಪಟ್ಟಿ ತೆಗೆದರೆ ಬೇರೊಂದು ಚರಿತ್ರೆ ಕಾಣುತ್ತದೆ. ಗುರು ಪಾಂಡ್ಯನ್ ಆಗಿ ಬರುವ ಅಚ್ಯುತ್ ಕುಮಾರ್ ಹೆಗ್ಗೋಡಿನ ನೀನಾಸಂನಲ್ಲಿ ಕಲಿತವರು. ಸುದ್ದಿವಾಹಿನಿಯ ಸಂಪಾದಕಿಯಾಗಿ ಕತೆಯ ಎಳೆ ಬಿಚ್ಚಿಸುವ ಮಾಳವಿಕಾ ಅವಿನಾಶ್ ಅವರನ್ನು ಕನ್ನಡದ ಮನೆಗಳು ಗುರುತಿಸಿದ್ದು 1998ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಯಾಮೃಗ’ದಿಂದ. ಬಿ. ಸುರೇಶ ನಾಟಕ ಮತ್ತು ಧಾರಾವಾಹಿ ಎರಡರಲ್ಲೂ ಪಳಗಿದವರು. ದಿನೇಶ್ ಮಂಗಳೂರು ರಂಗಭೂಮಿಯಿಂದ ಬಂದವರು. ಕುರುಡ ಅಜ್ಜನಾಗಿ ನೋಡುಗರ ಕಣ್ಣು ಒದ್ದೆಮಾಡಿದ ಕೃಷ್ಣ ಜಿ. ರಾವ್ ದಶಕಗಳ ಕಾಲ ಸಹಾಯಕ ನಿರ್ದೇಶಕರಾಗಿ ತೆರೆಯ ಹಿಂದೆ ದುಡಿದವರು. ಖಾಸಿಂ ಚಾಚಾ ಪಾತ್ರದ ಹರೀಶ್ ರಾಯ್ ಕ್ಯಾನ್ಸರ್‌ನಿಂದ ಬಳಲುತ್ತಿದ್ದರು. ಕತ್ತಿನ ಊತ ಕಾಣದಿರಲೆಂದೇ ಉದ್ದ ಗಡ್ಡ ಬಿಟ್ಟು ಎರಡನೇ ಭಾಗದಲ್ಲಿ ನಟಿಸಿದ್ದನ್ನೂ, ದುಡ್ಡಿಲ್ಲದೆ ಶಸ್ತ್ರಚಿಕಿತ್ಸೆ ಮುಂದೂಡಿದ್ದನ್ನೂ ಅವರೇ ಸಂದರ್ಶನದಲ್ಲಿ ಹೇಳಿಕೊಂಡಿದ್ದರು. 2025ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು.

ನೂರಾರು ಕೋಟಿ ಗಳಿಸಿದ ಚಿತ್ರವೊಂದರಲ್ಲಿ ನೆನಪಿನಲ್ಲಿ ಉಳಿಯುವ ಪಾತ್ರ ಮಾಡಿದ ನಟನ ಚಿಕಿತ್ಸೆಗೆ ದಾನಿಗಳ ಕಡೆ ನೋಡಬೇಕಾಗಿ ಬಂದದ್ದನ್ನು ವಿಧಿಯ ಆಟ ಎಂದು ಬಿಟ್ಟುಬಿಡುವುದು ಸುಲಭ. ಇಂಥ ಸುದ್ದಿ ಬಂದಾಗಲೆಲ್ಲ ನಾವು ಮಾಡುತ್ತಿರುವುದೂ ಅದನ್ನೇ. ಮರುಗುತ್ತೇವೆ, ಯಾರೋ ನೆರವು ಕೊಡುತ್ತಾರೆ, ಮುಂದಿನ ಸುದ್ದಿ ಬರುವವರೆಗೆ ಮರೆಯುತ್ತೇವೆ. ಇದರ ಬೇರು ಒಬ್ಬೊಬ್ಬರ ಹಣೆಬರಹಕ್ಕಿಂತ ಆಳದಲ್ಲಿದೆ ಎಂಬುದು ಈ ಲೇಖನದ ವಾದ. ಕನ್ನಡದ ಪೋಷಕ ನಟನೆ ನಾಟಕ ಕಂಪನಿಗಳ ಕಾಲ ಮುಗಿದ ಮೇಲೆ ತನ್ನ ಕಾಲ ಮೇಲೆ ತಾನು ನಿಂತದ್ದೇ ಇಲ್ಲ. ಅದನ್ನು ಸಾಕಿದ್ದು ಕಾರ್ಖಾನೆ, ಬ್ಯಾಂಕು, ಸರ್ಕಾರಿ ಕಚೇರಿಗಳ ಸಂಬಳ. ಆ ಸಂಬಳದ ಕಾಲ ಮುಗಿಯುತ್ತ ಬಂದಿದೆ. ಹಾಗಿರುವಾಗ ಪೋಷಕ ನಟನೆಯನ್ನು ಹವ್ಯಾಸದ ಲೆಕ್ಕದಲ್ಲೋ ತ್ಯಾಗದ ಲೆಕ್ಕದಲ್ಲೋ ಇಟ್ಟು ಮಾತಾಡುವುದನ್ನು ಬಿಟ್ಟು, ಬರಹದ ಕರಾರು, ತೆರೆಯ ಮೇಲೆ ಹೆಸರು, ಮರುಪ್ರಸಾರದ ಪಾಲು, ಮುಪ್ಪಿಗೆ ಆಸರೆ ಇರುವ ದುಡಿಮೆಯೆಂದು ಒಪ್ಪಿಕೊಳ್ಳಬೇಕು. ಸಂಬಳ ಹೊರಟುಹೋದ ಊರು ಎಂದರೆ ಹೇಗಿರುತ್ತದೆಂದು ಕೆಜಿಎಫ್ ಮತ್ತು ಬಂಗಾರಪೇಟೆಯಷ್ಟು ಚೆನ್ನಾಗಿ ಬಲ್ಲ ಊರುಗಳು ಕರ್ನಾಟಕದಲ್ಲಿ ಕಡಿಮೆ. ಈ ಪ್ರಶ್ನೆಯನ್ನು ಅಲ್ಲಿಂದ ನೋಡಿದಾಗ ಅದರ ಮೈಕಟ್ಟು ಸ್ಪಷ್ಟವಾಗಿ ಕಾಣುತ್ತದೆ.

ಮೊದಲಿಗೆ, ಪೋಷಕ ನಟ ಮಾಡುವ ಕೆಲಸ ಏನು ಎಂಬುದನ್ನು ಹತ್ತಿರದಿಂದ ನೋಡಬೇಕು. ಧಾರಾವಾಹಿಯ ಒಂದು ಸಾಮಾನ್ಯ ದೃಶ್ಯ ತೆಗೆದುಕೊಳ್ಳಿ. ಸೊಸೆ ನಡುಮನೆಯಲ್ಲಿ ನಿಂತು ಒಂದು ಗುಟ್ಟು ಹೊರಗೆಡವುತ್ತಾಳೆ. ಸುತ್ತ ಮಾವ, ಅತ್ತೆ, ಮೈದುನ, ಮನೆಗೆಲಸದವಳು. ಮಾತು ಇರುವುದು ಸೊಸೆಗೆ. ಅದು ಚಿತ್ರೀಕರಣವಾದ ಮೇಲೆ ಕ್ಯಾಮೆರಾ ಉಳಿದವರ ಕಡೆ ತಿರುಗುತ್ತದೆ. ಒಬ್ಬೊಬ್ಬರದೂ ರಿಯಾಕ್ಷನ್ ಬೇಕು. ಆ ಹೊತ್ತಿಗೆ ಸೊಸೆಯ ಪಾತ್ರಧಾರಿ ಮುಂದಿನ ದೃಶ್ಯದ ಸೀರೆ ಬದಲಿಸಲು ಹೋಗಿರಬಹುದು. ಕ್ಯಾಮೆರಾ ಪಕ್ಕದಲ್ಲಿ ನಿಂತ ಸಹಾಯಕ ನಿರ್ದೇಶಕ ಅವಳ ಮಾತನ್ನು ಏರಿಳಿತವಿಲ್ಲದೆ ಓದಿ ಹೇಳುತ್ತಾನೆ. ಮಾವನ ಪಾತ್ರಧಾರಿ ಎದುರಿಲ್ಲದ ಮುಖವನ್ನು ನೋಡುತ್ತ, ಕೇಳಿಸದ ಅಳುವನ್ನು ಕೇಳುತ್ತ, ಎದೆಯೊಡೆದ ತಂದೆಯಾಗಬೇಕು. ಸಂಕಲನಕಾರ ಅದೇ ನೋಟವನ್ನು ಮೂರು ಕಡೆ ಕೂರಿಸುತ್ತಾನೆ, ಮಾರನೆಯ ದಿನದ ಕಂತಿನ ಆರಂಭದಲ್ಲಿ ಇನ್ನೊಮ್ಮೆ ತೋರಿಸುತ್ತಾನೆ. ನೋಡುವವರಿಗೆ ಸೊಸೆಯ ಮಾತು ನಿಜವೆನ್ನಿಸುವುದು ಮಾವನ ಮುಖದಿಂದ. ಮಾತಾಡುವವನನ್ನು ಕೇಳುವವನು ನಂಬದೆ ಹೋದರೆ ಸಭಿಕರೂ ನಂಬುವುದಿಲ್ಲ ಎಂಬುದು ರಂಗಭೂಮಿಯ ಹಳೆಯ ಅನುಭವ. ನಾಯಕನ ದೊಡ್ಡತನವನ್ನು ಸುತ್ತಲಿನವರ ಭಯ, ಭಕ್ತಿ, ಪ್ರೀತಿ, ಅನುಮಾನಗಳೇ ಕಟ್ಟುತ್ತವೆ. ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರು ಇಲ್ಲದೆ ರಾಮಾಚಾರಿಯ ಕೋಪಕ್ಕೆ ತೂಕ ಬರುತ್ತಿತ್ತೇ? ಆ ಮೇಷ್ಟ್ರಾದ ಕೆ.ಎಸ್. ಅಶ್ವತ್ಥ್ ಅವರ ಹೆಸರಿನಲ್ಲೇ ಇಂದು ರಾಜ್ಯ ಸರ್ಕಾರ ಅತ್ಯುತ್ತಮ ಪೋಷಕ ನಟ ಪ್ರಶಸ್ತಿ ಕೊಡುತ್ತದೆ. ಗೌರವ ಕೊಡಲು ನಮಗೆ ಬರುತ್ತದೆ. ಗೊತ್ತಾಗದಿರುವುದು ಗೌರವದ ಆಚೆಗೆ ಏನು ಕೊಡಬೇಕು ಎಂಬುದು.

ಈ ಕೆಲಸಕ್ಕೆ ನೇರವಾಗಿ ಸಂಬಳ ಕೊಡುತ್ತಿದ್ದ ವ್ಯವಸ್ಥೆ ಕನ್ನಡದಲ್ಲಿ ಒಂದು ಕಾಲಕ್ಕೆ ಇತ್ತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ವೃತ್ತಿ ನಾಟಕ ಮಂಡಳಿಗಳಲ್ಲಿ ರಾಜನ ಪಾತ್ರದವನಿಗೂ ದ್ವಾರಪಾಲಕನಿಗೂ ಕ್ಯಾಂಪಿನಲ್ಲಿ ಊಟ, ವಸತಿ ಇರುತ್ತಿತ್ತು. ಸಂಬಳದಲ್ಲಿ ಹೆಚ್ಚುಕಡಿಮೆ ಇತ್ತು, ಕೆಲವು ಕಂಪನಿಗಳು ಮುಳುಗಿದಾಗ ಕಲಾವಿದರು ಬೀದಿಗೆ ಬಿದ್ದದ್ದೂ ಉಂಟು. ಆ ಕಾಲವನ್ನು ಹೊನ್ನಿನ ಯುಗವೆಂದು ಹೊಗಳುವುದು ಸುಳ್ಳಾಗುತ್ತದೆ. ಆದರೂ ನಟನೆಯೇ ಹೊಟ್ಟೆಪಾಡು ಎಂಬುದನ್ನು ಆ ವ್ಯವಸ್ಥೆ ನಾಚಿಕೆಯಿಲ್ಲದೆ ಒಪ್ಪಿಕೊಂಡಿತ್ತು. ಹುಡುಗನಾಗಿ ಸೇರಿದವನು ಬೋರ್ಡು ಬರೆದು, ಪರದೆ ಎಳೆದು, ಸಖನ ಪಾತ್ರ ಮಾಡಿ, ಹಾಸ್ಯಕ್ಕೆ ಬಡ್ತಿ ಪಡೆದು, ಮುಪ್ಪಿನವರೆಗೂ ಅಲ್ಲೇ ಇರಬಹುದಿತ್ತು. ಟಿ.ಎನ್. ಬಾಲಕೃಷ್ಣ, ನರಸಿಂಹರಾಜು ಅವರಂಥ ನಟರು ಈ ಗರಡಿಯಿಂದ ಬಂದವರು. ಗುಬ್ಬಿ ವೀರಣ್ಣನವರಂಥ ಮಾಲೀಕರೇ ‘ಸದಾರಮೆ’ಯಲ್ಲಿ ಕಳ್ಳನ ಪಾತ್ರ ಹಿಡಿದು ಅದನ್ನು ಮನೆಮಾತಾಗಿಸಿದರು. ಎರಡನೇ ಸಾಲಿನ ಪಾತ್ರ ಎಂದರೆ ನಾಯಕನಾಗುವ ಮೆಟ್ಟಿಲು ಎಂಬ ಕಲ್ಪನೆ ಅಲ್ಲಿ ಗಟ್ಟಿಯಾಗಿರಲಿಲ್ಲ. ಅದು ತನ್ನಷ್ಟಕ್ಕೆ ಪೂರ್ತಿಯಾದ ಒಂದು ಕಸುಬಾಗಿತ್ತು.

ಕಂಪನಿಗಳು ಸೊರಗಿ ಬೆಂಗಳೂರಿನ ಹವ್ಯಾಸಿ ರಂಗಭೂಮಿ ಮೇಲೆದ್ದಾಗ ಈ ಲೆಕ್ಕ ಬದಲಾಯಿತು. 1963ರಲ್ಲಿ ರವೀಂದ್ರ ಕಲಾಕ್ಷೇತ್ರ ತೆರೆಯಿತು. 1970ರ ದಶಕದಲ್ಲಿ ನಟರಂಗ, ಬೆನಕ, ಸಮುದಾಯ ಹುಟ್ಟಿದವು. ಕನ್ನಡದ ಕಿರುತೆರೆ ಮತ್ತು ಹಿರಿತೆರೆಗೆ ನಂತರ ದೊರೆತ ಪೋಷಕ ನಟರಲ್ಲಿ ದೊಡ್ಡ ಪಾಲು ಈ ಕಾಲದ ತಂಡಗಳಿಂದ ಬಂತು. ಇವರ ಹಗಲಿನ ಉದ್ಯೋಗ ಏನೆಂದು ಕೇಳಿದರೆ ಉತ್ತರಗಳು ಒಂದೇ ದಿಕ್ಕಿಗೆ ಬೊಟ್ಟುಮಾಡುತ್ತವೆ. ದತ್ತಣ್ಣ ವಾಯುಪಡೆಯ ಅಧಿಕಾರಿ, ಆಮೇಲೆ ಎಚ್‌ಎಎಲ್. ಅವರ ಅಣ್ಣ ಎಚ್.ಜಿ. ಸೋಮಶೇಖರ ರಾವ್ ಕೆನರಾ ಬ್ಯಾಂಕ್. ಬೆಂಗಳೂರಿನ ಹೊರಗೆ ದೊಡ್ಡಣ್ಣ ಭದ್ರಾವತಿಯ ಉಕ್ಕಿನ ಕಾರ್ಖಾನೆ. ಇವರಿಗಿಂತ ಹಿಂದಿನ ತಲೆಮಾರಿನ ಅಶ್ವತ್ಥ್ ಅವರೂ ಸಿನಿಮಾಕ್ಕೆ ಬರುವ ಮೊದಲು ಮೈಸೂರಿನಲ್ಲಿ ಸರ್ಕಾರಿ ನೌಕರಿಯಲ್ಲಿದ್ದವರು. ಕಚೇರಿ ಸಂಜೆ ಮುಗಿಯುತ್ತಿತ್ತು, ರಿಹರ್ಸಲ್ ಶುರುವಾಗುತ್ತಿತ್ತು. ತಿಂಗಳ ಮೊದಲ ದಿನ ಸಂಬಳ, ಕಾಯಿಲೆಗೆ ಆಸ್ಪತ್ರೆ, ನಿವೃತ್ತಿಗೆ ಪಿಂಚಣಿ ಸಾರ್ವಜನಿಕ ಉದ್ದಿಮೆ ಕೊಡುತ್ತಿತ್ತು. ಆ ಭದ್ರತೆಯ ಮೇಲೆ ನಿಂತು ಇವರು ಕಲೆಗೆ ತಮ್ಮ ಸಂಜೆಗಳನ್ನು ಉಚಿತವಾಗಿ ಕೊಟ್ಟರು. 1980ರ ದಶಕದಲ್ಲಿ ಶಂಕರ್ ನಾಗ್ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಚಿತ್ರಿಸುವಾಗ ಪ್ರತಿ ಕತೆಗೂ ಒಪ್ಪುವ ನುರಿತ ಮುಖಗಳು ಕೈಗೆ ಸಿಕ್ಕಿದ್ದಕ್ಕೆ ಹಿಂದಿನ ಎರಡು ದಶಕಗಳ ಈ ಹವ್ಯಾಸಿ ತಾಲೀಮೇ ಕಾರಣ. ಆ ಧಾರಾವಾಹಿಯನ್ನು ನೋಡಿ ಸಂತೋಷಪಟ್ಟ ನಾವು ಗಮನಿಸದ ಸಂಗತಿಯೆಂದರೆ, ಆ ನಟನೆಯ ಹಿಂದೆ ಯಾವ ಮನರಂಜನೆಯ ಉದ್ಯಮವೂ ಹಾಕದ ಬಂಡವಾಳವೊಂದಿತ್ತು. ಕಾರ್ಖಾನೆ ಮತ್ತು ಬ್ಯಾಂಕುಗಳ ಸಂಬಳದ ಪಟ್ಟಿಯೇ ಆ ಬಂಡವಾಳ.

ಈಗ ಚಿನ್ನದ ಊರಿಗೆ ಬರೋಣ. 1880ರಿಂದ ಜಾನ್ ಟೇಲರ್ ಕಂಪನಿ, ಸ್ವಾತಂತ್ರ್ಯದ ನಂತರ ಸರ್ಕಾರ ನಡೆಸಿದ ಗಣಿಗಳ ಸುತ್ತ ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ, ಚಾಂಪಿಯನ್ ರೀಫ್, ಊರಿಗಾಂ, ಮಾರಿಕುಪ್ಪಂ ಬೆಳೆದವು. ಬೌರಿಂಗ್‌ಪೇಟೆ ಎಂದು ಕರೆಸಿಕೊಳ್ಳುತ್ತಿದ್ದ ಇಂದಿನ ಬಂಗಾರಪೇಟೆಯಿಂದ 1894ರಲ್ಲಿ ಗಣಿಗೆ ರೈಲು ಬಂತು. ಲೈನ್ ಮನೆಗಳಲ್ಲಿದ್ದವರು ಹೆಚ್ಚಾಗಿ ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ತಮಿಳು, ತೆಲುಗು ಮನೆಮಾತಿನ ದಲಿತ ಕುಟುಂಬಗಳವರು. ಗಣಿಯ ಕೆಲಸ ಜೀವ ಹಿಂಡುವಂಥದ್ದು; ಸಿಲಿಕಾ ಧೂಳು ಎಷ್ಟೋ ಜನರ ಶ್ವಾಸಕೋಶ ತಿಂದಿತು. ಅದನ್ನು ಮರೆಸುವ ಹಂಬಲ ಯಾರಿಗೂ ಬೇಡ. ಆದರೂ ಗಣಿಯ ಪಾಳಿಗೆ ಒಂದು ಗುಣವಿತ್ತು: ಯಾವ ಹೊತ್ತಿಗೆ ಮೇಲೆ ಬರುತ್ತೇವೆಂದು ಗೊತ್ತಿರುತ್ತಿತ್ತು, ಮನೆ ನಡೆದುಹೋಗುವಷ್ಟು ಹತ್ತಿರದಲ್ಲಿತ್ತು. ಹೊತ್ತು ಗೊತ್ತಿರುವ ದುಡಿಮೆ ಮತ್ತು ಹತ್ತಿರದ ಮನೆ, ಇವೆರಡೇ ಯಾವ ಊರಿನಲ್ಲೂ ನಾಟಕದ ತಂಡ ಕಟ್ಟಲು ಬೇಕಾದ ಮೊದಲ ಸಾಮಗ್ರಿ. 1964ರಲ್ಲಿ ಸ್ಥಾಪನೆಯಾದ ಸಾರ್ವಜನಿಕ ಉದ್ದಿಮೆ ಬೆಮೆಲ್ ಅದೇ ಬಗೆಯ ಖಾಯಂ ನೌಕರಿಯನ್ನು ಊರಿಗೆ ತಂದಿತು. 2001ರ ನಂತರ ಗಣಿಯ ಭಾಗ ಇಲ್ಲವಾಯಿತು, ಉಳಿದ ಕಡೆ ಗುತ್ತಿಗೆಯ ಕೆಲಸ ಹೆಚ್ಚಿತು. ಮಾರಿಕುಪ್ಪಂ, ಬಂಗಾರಪೇಟೆಗಳಿಂದ ಸಾವಿರಾರು ಜನ ಬೆಳಕು ಹರಿಯುವ ಮುನ್ನ ಬೆಂಗಳೂರಿನ ರೈಲು ಹತ್ತಿ ಕತ್ತಲಾದ ಮೇಲೆ ಇಳಿಯುತ್ತಾರೆ. ಬಂಗಾರಪೇಟೆಯಿಂದಲೇ ಸುಮಾರು 70 ಕಿಲೋಮೀಟರ್ ದಾರಿ. ಇಂಥ ದಿನಚರಿಯಲ್ಲಿ ರಿಹರ್ಸಲ್‌ಗೆ ಸಂಜೆ ಎಲ್ಲಿ ಉಳಿಯಿತು?

ಈ ಊರುಗಳ ಯುವಕನೋ ಯುವತಿಯೋ ನಟನೆಯನ್ನು ಕೆಲಸವಾಗಿ ಹಿಡಿಯುತ್ತೇನೆಂದರೆ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಆಡಿಷನ್ ಬೆಂಗಳೂರಿನಲ್ಲಿ, ಸ್ಟುಡಿಯೊ ಬೆಂಗಳೂರಿನ ಆಚೆ ತುದಿಯಲ್ಲಿ, ನಾಟಕ ಬಿಡುವ ಹೊತ್ತಿಗೆ ಊರಿನ ರೈಲು ಹೊರಟಿರುತ್ತದೆ. ಧಾರಾವಾಹಿಯಲ್ಲಿ ಸಣ್ಣ ಪಾತ್ರ ಸಿಕ್ಕಿದರೆ ದುಡ್ಡು ಕಾಲ್‌ಶೀಟ್ ದಿನಗಳ ಮೇಲೆ. ತಿಂಗಳಿಗೆ ಎಷ್ಟು ದಿನ ಎಂಬುದು ಕತೆಯ ಟ್ರ್ಯಾಕ್ ಮೇಲೆ. ಟ್ರ್ಯಾಕ್ ಹೇಗೆ ತಿರುಗುತ್ತದೆ ಎಂಬುದು ವಾರದ ಟಿಆರ್‌ಪಿ ಮೇಲೆ. ಅಂಕಿ ಇಳಿದರೆ ಚಿಕ್ಕಪ್ಪ ವಿದೇಶಕ್ಕೆ ಹೋಗುತ್ತಾನೆ, ಅತ್ತಿಗೆ ತವರಿಗೆ ಹೋಗಿ ವಾಪಸು ಬರುವುದೇ ಇಲ್ಲ. ಪಾತ್ರಧಾರಿಗೆ ಅದು ತಿಳಿಯುವುದು ಮುಂದಿನ ಶೆಡ್ಯೂಲ್‌ಗೆ ಕರೆ ಬಾರದಿದ್ದಾಗ. ಸಣ್ಣ ಪಾತ್ರದವರು ಸೀರೆ, ಷರ್ಟುಗಳನ್ನು ತಮ್ಮ ಮನೆಯಿಂದಲೇ ತರಬೇಕಾಗುವುದೂ, ದುಡಿದ ದಿನಕ್ಕೂ ದುಡ್ಡು ಕೈಸೇರುವ ದಿನಕ್ಕೂ ನಡುವೆ ತಿಂಗಳುಗಳು ಕಳೆಯುವುದೂ ಈ ಉದ್ಯಮದಲ್ಲಿ ಹೊಸ ಸುದ್ದಿಯಲ್ಲ. ಮನೆಯಲ್ಲಿ ಉಳಿತಾಯವಿರುವವರು, ಬೆಂಗಳೂರಿನಲ್ಲಿ ಬಾಡಿಗೆಯಿಲ್ಲದ ಕೋಣೆ ಇರುವವರು ಇದನ್ನು ತಡೆದುಕೊಳ್ಳುತ್ತಾರೆ. ಲೈನ್ ಮನೆಯ ಮಕ್ಕಳು ತಡೆದುಕೊಳ್ಳಲಾರರು. ಹೀಗೆ ಬಡವರ, ದೂರದವರ, ಬೇರೆ ಮನೆಮಾತಿನವರ ಮಕ್ಕಳು ಸದ್ದಿಲ್ಲದೆ ಸೋಸಿಹೋಗುತ್ತಾರೆ. ತೆರೆಯ ಮೇಲೆ ಕೋಲಾರದ ಕಡೆಯ ತೆಲುಗು ಬೆರೆತ ಕನ್ನಡವೋ ಕೆಜಿಎಫ್‌ನ ತಮಿಳು ಬೆರೆತ ಕನ್ನಡವೋ ನಗಿಸುವುದಕ್ಕೆ ಬಂದಷ್ಟು ಬದುಕನ್ನು ತೋರಿಸುವುದಕ್ಕೆ ಬಾರದಿರಲು ಇದೂ ಒಂದು ಕಾರಣ. ನಾಯಕನ ಭಾಷೆ ಎಲ್ಲ ಊರಿಗೂ ಒಂದೇ ಆಗಿರಬಹುದು. ಊರಿನ ದನಿ ಕೇಳಬೇಕಾದ್ದು ಸುತ್ತಲಿನ ಪಾತ್ರಗಳಿಂದ. ಆ ಪಾತ್ರ ಮಾಡುವವರು ಆ ಊರಿನಿಂದ ಬರಲು ಆಗದಿದ್ದರೆ ದನಿಯೂ ಬರುವುದಿಲ್ಲ.

ಹಳ್ಳಿಗಳ ಕಡೆ ಹೋದರೆ ಇದೇ ಸಂಗತಿ ಇನ್ನೊಂದು ರೂಪದಲ್ಲಿ ಸಿಗುತ್ತದೆ. ಕೋಲಾರ, ತುಮಕೂರು, ಮಂಡ್ಯ, ಬೆಂಗಳೂರು ಗ್ರಾಮಾಂತರ ಭಾಗಗಳಲ್ಲಿ ‘ಕುರುಕ್ಷೇತ್ರ’ದಂಥ ಪೌರಾಣಿಕ ನಾಟಕಗಳಿಗೆ ಇಂದಿಗೂ ಜನ ಸೇರುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಹಾಡು, ಕಂದಪದ್ಯ ಕಲಿಸುತ್ತಾರೆ, ಸೀನರಿ ಬಾಡಿಗೆಗೆ ಬರುತ್ತದೆ. ಇಲ್ಲಿ ಪಾತ್ರಧಾರಿಗೆ ಯಾರೂ ದುಡ್ಡು ಕೊಡುವುದಿಲ್ಲ. ಪಾತ್ರಕ್ಕಾಗಿ ಅವನೇ ಕೊಡುತ್ತಾನೆ. ದುರ್ಯೋಧನ, ಕೃಷ್ಣ, ಕರ್ಣ, ಭೀಮರಿಗೆ ಹೆಚ್ಚು. ವಿದುರ, ಸಾತ್ಯಕಿ, ಸೈಂಧವರಿಗೆ ಕಡಿಮೆ. ಊರಿನ ಮುಂದೆ ಒಂದು ರಾತ್ರಿ ಕಿರೀಟ ಹೊರುವ ಆಸೆಗೆ ಜನ ಸಂತೋಷದಿಂದ ಕೊಡುತ್ತಾರೆ, ಆ ಸಂತೋಷದಲ್ಲಿ ತಪ್ಪೇನೂ ಇಲ್ಲ. ಈ ರಂಗದಲ್ಲಿ ನಟನೆಗೆಂದು ಕೂಲಿ ಪಡೆಯುವವರು ದ್ರೌಪದಿ, ಕುಂತಿ, ಉತ್ತರೆಯರ ಪಾತ್ರಕ್ಕೆ ಹೊರಗಿನಿಂದ ಬರುವ ವೃತ್ತಿ ಕಲಾವಿದೆಯರು. ಇಂದು ಒಂದು ಊರು, ನಾಳೆ ಇನ್ನೊಂದು. ಹೊಸ ದುರ್ಯೋಧನ ಮಾತು ಮರೆತು ನಿಂತಾಗ ಮುಂದಿನ ಮಾತನ್ನು ತಾವೇ ಎತ್ತಿಕೊಂಡು ನಾಟಕ ಸಾಗಿಸುವವರು ಅವರು. ದುಡ್ಡು ಕೊಟ್ಟ ಹವ್ಯಾಸಿಯ ಹೆಸರು ಕರಪತ್ರದಲ್ಲಿ ಫೋಟೊ ಸಮೇತ ಬರುತ್ತದೆ. ಬೆಳಗಿನ ಜಾವದವರೆಗೆ ನಾಟಕ ಹೊತ್ತವರ ಹೆಸರು ಸಣ್ಣ ಅಕ್ಷರದಲ್ಲಿ ಇರುತ್ತದೆ ಇಲ್ಲವೆ ಇರುವುದಿಲ್ಲ. ಹವ್ಯಾಸಿಯ ಸಂತೋಷ ಮತ್ತು ಕಸುಬುದಾರಳ ದುಡಿಮೆ ಒಂದೇ ರಂಗದ ಮೇಲೆ ಅಕ್ಕಪಕ್ಕ ನಿಂತಾಗ, ಎರಡನ್ನೂ ಕಲಾಸೇವೆ ಎಂದು ಕರೆದು ಮುಗಿಸಿಬಿಡುವುದು ಎರಡನೆಯದಕ್ಕೆ ಮಾಡುವ ಅನ್ಯಾಯ.

ಹೆಸರು ಬರುವುದು, ಬಾರದಿರುವುದು ಬರೀ ಮರ್ಯಾದೆಯ ಪ್ರಶ್ನೆ ಎಂದುಕೊಂಡವರು ಹಕ್ಕುಸ್ವಾಮ್ಯ ಕಾಯ್ದೆಯನ್ನು ಒಮ್ಮೆ ನೋಡಬೇಕು. 2012ರ ತಿದ್ದುಪಡಿ ಪ್ರದರ್ಶಕರ ಹಕ್ಕನ್ನು ಗಟ್ಟಿಗೊಳಿಸಿತು. ನಟನೊಬ್ಬ ಬರಹದ ಒಪ್ಪಂದದ ಮೂಲಕ ಚಿತ್ರಕ್ಕೆ ತನ್ನ ನಟನೆಯನ್ನು ಒಪ್ಪಿಸಿದ ಮೇಲೂ ಅದರ ವಾಣಿಜ್ಯ ಬಳಕೆಗೆ ರಾಯಧನ ಪಡೆಯಲು ಅರ್ಹ ಎಂದು 38ಎ ಕಲಂ ಹೇಳುತ್ತದೆ. ಈ ಹಕ್ಕಿನ ಅವಧಿ 50 ವರ್ಷ. ಆದರೆ ಅದೇ ತಿದ್ದುಪಡಿ ಒಂದು ಬಾಗಿಲನ್ನು ಮುಚ್ಚಿತು. ಚಿತ್ರದಲ್ಲಿ ಯಾರ ಅಭಿನಯ ಪ್ರಾಸಂಗಿಕವೋ, ಉದ್ಯಮದ ರೂಢಿಯಂತೆ ಯಾರ ಹೆಸರು ಪಟ್ಟಿಯಲ್ಲಿ ಎಲ್ಲಿಯೂ ಬರುವುದಿಲ್ಲವೋ ಅವರು ಕಾನೂನಿನ ಕಣ್ಣಿನಲ್ಲಿ ಪ್ರದರ್ಶಕರೇ ಅಲ್ಲ. ತಮ್ಮ ಅಭಿನಯವನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕೊಂದನ್ನು ಬಿಟ್ಟರೆ ಅವರಿಗೆ ಉಳಿದ ಹಕ್ಕುಗಳಿಲ್ಲ. ಅಂದರೆ ಕೊನೆಯಲ್ಲಿ ಓಡುವ ಹೆಸರಿನ ಪಟ್ಟಿ ಆಸ್ತಿಯ ಪತ್ರವಿದ್ದ ಹಾಗೆ. ಟೀವಿಯಲ್ಲಿ ಮುಂದಿನ ಕಾರ್ಯಕ್ರಮಕ್ಕೆ ಜಾಗ ಮಾಡಲು ಆ ಪಟ್ಟಿಯನ್ನು ಓದಲಾಗದ ವೇಗದಲ್ಲಿ ಓಡಿಸುವಾಗ, ಸಣ್ಣ ಪಾತ್ರದವರ ಹೆಸರು ಹಾಕದೆ ಬಿಡುವಾಗ, ನಾವು ಅವರ ಪಾಲಿನ ಪತ್ರ ಹರಿಯುತ್ತಿದ್ದೇವೆ. ಹೆಸರಿದ್ದವರಿಗಾದರೂ ಹಣ ಬರುತ್ತಿದೆಯೇ ಎಂದರೆ, ಗಾಯಕರು 2013ರಲ್ಲಿ ಸಂಘ ಕಟ್ಟಿಕೊಂಡು ರಾಯಧನ ಸಂಗ್ರಹಕ್ಕೆ ಇಳಿದ ಹಾಗೆ ಪೋಷಕ ನಟರ ಪರವಾಗಿ ಸಂಗ್ರಹಿಸಿ ಹಂಚುವ ವ್ಯವಸ್ಥೆ ಬಳಕೆಗೆ ಬಂದಿಲ್ಲ. ಕಾನೂನಿನ ಮಾತು ಪುಸ್ತಕದಲ್ಲಿದೆ. ಅದನ್ನು ವಸೂಲಿ ಮಾಡುವ ಕೈ ಇಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಮಾರುಕಟ್ಟೆಯದು. ಜನ ಟಿಕೆಟ್ ಕೊಳ್ಳುವುದು ನಾಯಕನನ್ನು ನೋಡಲು. ಸಣ್ಣ ಪಾತ್ರಕ್ಕೆ ಇವರಿಲ್ಲದಿದ್ದರೆ ಇನ್ನೊಬ್ಬರು. ಬದಲಿ ಸುಲಭವಾಗಿ ಸಿಗುವ ಕೆಲಸಕ್ಕೆ ಬೆಲೆ ಕಡಿಮೆ ಇರುವುದು ಸಹಜ. ಈ ಮಾತಿನಲ್ಲಿ ಅರ್ಧ ನಿಜವಿದೆ. ಬಂಡವಾಳದ ಅಪಾಯ ಹೊತ್ತವನಿಗೂ ಜನರನ್ನು ಸೆಳೆದು ತರುವವನಿಗೂ ಹೆಚ್ಚು ಪಾಲು ಸಲ್ಲುವುದನ್ನು ಯಾರೂ ವಿರೋಧಿಸಬೇಕಿಲ್ಲ. ಉಳಿದರ್ಧವನ್ನು ಉದ್ಯಮದ ನಡವಳಿಕೆಯೇ ಸುಳ್ಳು ಮಾಡುತ್ತದೆ. ಬದಲಿ ಅಷ್ಟು ಸುಲಭವಾಗಿದ್ದರೆ ಒಂದೇ ಹತ್ತಿಪ್ಪತ್ತು ಮುಖಗಳನ್ನು ಚಿತ್ರದಿಂದ ಚಿತ್ರಕ್ಕೆ, ವಾಹಿನಿಯಿಂದ ವಾಹಿನಿಗೆ ಕರೆಯುತ್ತಲೇ ಇರುವುದು ಏಕೆ? ಅಪ್ಪನ ಪಾತ್ರಕ್ಕೆ ಅಚ್ಯುತ್ ಕುಮಾರ್ ಬೇಕೆಂದು, ಖಳನಿಗೋ ಹಾಸ್ಯಕ್ಕೋ ರಂಗಾಯಣ ರಘು ಬೇಕೆಂದು ನಿರ್ದೇಶಕರು ಕಾಯುವುದು ಏಕೆ? ರಘು ಅವರ ಹೆಸರಿಗೆ ಅಂಟಿಕೊಂಡಿರುವ ಸಂಸ್ಥೆಯಲ್ಲೇ ಉತ್ತರವಿದೆ. 1989ರಲ್ಲಿ ಬಿ.ವಿ. ಕಾರಂತರು ಮೈಸೂರಿನಲ್ಲಿ ಕಟ್ಟಿದ ರಂಗಾಯಣ ನಟರಿಗೆ ತಿಂಗಳ ಸಂಬಳ ಕೊಟ್ಟು ತಾಲೀಮು ಕೊಟ್ಟಿತು. ನೀನಾಸಂ 1980ರಿಂದ ರಂಗಶಿಕ್ಷಣ, 1985ರಿಂದ ತಿರುಗಾಟ ನಡೆಸಿತು. ಅಲ್ಲಿ ಹದವಾದ ನಟರನ್ನು ಸಿನಿಮಾ ಮತ್ತು ಟೀವಿ ಸಿದ್ಧ ಸರಕಾಗಿ ಪಡೆದವು. ನುರಿತ ಕೆಲಸಗಾರರನ್ನು ತಯಾರಿಸುವ ಖರ್ಚನ್ನು ಸಮಾಜ ಹೊರಬೇಕು, ಅದರ ಲಾಭವನ್ನು ಉದ್ಯಮ ಪಡೆಯಬೇಕು, ಆಮೇಲೆ ಬದಲಿ ಸಿಗುತ್ತಾರೆ ಎಂದೂ ಹೇಳಬೇಕು ಎಂಬ ಲೆಕ್ಕ ನಿಲ್ಲುವುದಿಲ್ಲ.

ಎರಡನೆಯ ಆಕ್ಷೇಪ ಕಲೆಯನ್ನು ಪ್ರೀತಿಸುವವರಿಂದಲೇ ಬರುತ್ತದೆ. ಸಂಬಳ, ಕರಾರು, ಮಂಡಳಿ ಎಂದೆಲ್ಲ ಶುರುವಾದರೆ ರಂಗಭೂಮಿಯ ಹುಮ್ಮಸ್ಸು ಹೋಗಿ ನೌಕರಶಾಹಿ ಬರುತ್ತದೆ, ಹವ್ಯಾಸಿಗಳು ಕಟ್ಟಿದ ದೊಡ್ಡ ಪರಂಪರೆ ಸಂಬಳವಿಲ್ಲದೆಯೇ ಬೆಳೆಯಿತಲ್ಲ ಎಂದು ಅವರು ಕೇಳುತ್ತಾರೆ. ಸರ್ಕಾರಿ ರೆಪರ್ಟರಿಗಳಲ್ಲಿ ಜಡತ್ವ ಬಂದ ಉದಾಹರಣೆಗಳಿವೆ, ಎಚ್ಚರ ಬೇಕು. ಆದರೆ ಪರಂಪರೆ ಸಂಬಳವಿಲ್ಲದೆ ಬೆಳೆಯಿತು ಎಂಬುದು ಸರಿಯಲ್ಲ. ಅದು ಬೇರೆಡೆಯಿಂದ ಬಂದ ಸಂಬಳದಲ್ಲಿ ಬೆಳೆಯಿತು, ಹಗಲಿನ ಕೆಲಸ ಹೊಟ್ಟೆ ನೋಡಿಕೊಂಡದ್ದರಿಂದಲೇ ಸಂಜೆಯ ಹುಮ್ಮಸ್ಸು ಸಾಧ್ಯವಾಯಿತು. ಇಂದಿನ ಯುವ ನಟರಿಗೆ ಗುತ್ತಿಗೆಯ ಕೆಲಸ, ಡೆಲಿವರಿಯ ಬೈಕು, ಪಾಳಿ ಗೊತ್ತಿಲ್ಲದ ಕಾಲ್ ಸೆಂಟರು ಉಳಿದಿವೆ. ಹಳೆಯ ತಲೆಮಾರಿನ ನಿಷ್ಠೆಯನ್ನು ಇವರಿಂದ ಕೇಳುವವರು ಹಳೆಯ ತಲೆಮಾರಿಗಿದ್ದ ಭವಿಷ್ಯನಿಧಿಯನ್ನೂ ಇವರಿಗೆ ಕೊಡಿಸುವ ಮಾತಾಡಬೇಕು.

ಮೂರನೆಯದು ನನಗೆ ಎಲ್ಲಕ್ಕಿಂತ ಗಟ್ಟಿ ಎನ್ನಿಸುವ ಆಕ್ಷೇಪ. ಕೆಜಿಎಫ್‌ನಲ್ಲೇ ಗಣಿ ಮುಚ್ಚಿದ ಮೇಲೆ ಕೆಲಸ ಕಳೆದುಕೊಂಡ ಕುಟುಂಬಗಳು ಬಾಕಿಗಾಗಿ, ಮನೆಯ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿವೆ. ಅಸಂಘಟಿತ ದುಡಿಮೆಗಾರರೆಲ್ಲರ ಪಾಡೂ ಹೀಗಿರುವಾಗ ನಟರಿಗೇ ಏಕೆ ವಿಶೇಷ ಕಾಳಜಿ? ನಟರಿಗೆ ಮೊದಲ ಸಾಲು ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಉಳಿದವರಿಗೆ ಒಪ್ಪಿಕೊಂಡ ತತ್ವವನ್ನೇ ಇವರಿಗೂ ಅನ್ವಯಿಸಿ ಎಂದಷ್ಟೇ ಕೇಳುವುದು. ಕಟ್ಟಡ ಕಾರ್ಮಿಕರಿಗಾಗಿ 1996ರ ಕಾಯ್ದೆಯಡಿ ನಿರ್ಮಾಣ ವೆಚ್ಚದ ಮೇಲೆ ಸೆಸ್ ವಿಧಿಸಿ ಕಲ್ಯಾಣ ಮಂಡಳಿ ನಡೆಸುವ ಪದ್ಧತಿ ಬಂತು. ಮಾಲೀಕ ದಿನಕ್ಕೊಬ್ಬ ಬದಲಾಗುವ ಕೆಲಸದಲ್ಲಿ ಉದ್ಯಮವೇ ಒಟ್ಟಾಗಿ ಹೊಣೆ ಹೊರಬೇಕು ಎಂಬುದು ಅದರ ತರ್ಕ. ಪೋಷಕ ನಟರಿಗೆ ಈ ತರ್ಕ ಇನ್ನೂ ಹೆಚ್ಚು ಒಪ್ಪುತ್ತದೆ, ಏಕೆಂದರೆ ಅವರ ಒಂದು ದಿನದ ದುಡಿಮೆಯನ್ನು ವಾಹಿನಿಗಳು, ಒಟಿಟಿ ವೇದಿಕೆಗಳು ವರ್ಷಗಟ್ಟಲೆ ಮರಳಿ ಮರಳಿ ಮಾರುತ್ತವೆ. 2024ರಲ್ಲಿ ಕರ್ನಾಟಕ ವಿಧಾನಮಂಡಲ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣ ವಿಧೇಯಕವನ್ನು ಅಂಗೀಕರಿಸಿ ಸಿನಿಮಾ ಟಿಕೆಟ್ ಮತ್ತು ಒಟಿಟಿ ಚಂದಾದ ಮೇಲೆ ಶೇ. 1ರಿಂದ 2ರವರೆಗೆ ಸೆಸ್‌ಗೆ ದಾರಿ ಮಾಡಿತು. ನೋಡುಗರ ಮೇಲೆ ಹೊರೆ ಎಂಬ ಕೂಗು ಆಗಲೇ ಎದ್ದಿತು. ನೂರು ರೂಪಾಯಿಗೆ ಒಂದೆರಡು ರೂಪಾಯಿ. ನಮ್ಮನ್ನು ನಗಿಸಿ ಅಳಿಸಿದವರ ಮುಪ್ಪಿಗೆ ಅಷ್ಟನ್ನು ಕೊಡಲಾರೆವು ಎಂದು ಕನ್ನಡದ ನೋಡುಗರು ಹೇಳುವುದಿಲ್ಲ ಎಂಬುದು ನನ್ನ ನಂಬಿಕೆ. ಕೇಳಬೇಕಾದ ಕಠಿಣ ಪ್ರಶ್ನೆ ಬೇರೆ: ಆ ಹಣ ಪಟ್ಟಣದ ಪರಿಚಿತ ಮುಖಗಳಿಗಷ್ಟೇ ತಲುಪುತ್ತದೆಯೋ, ಹಳ್ಳಿಯಿಂದ ಹಳ್ಳಿಗೆ ಹೋಗುವ ದ್ರೌಪದಿಗೂ ತಲುಪುತ್ತದೆಯೋ?

ಅರ್ಹರು ಯಾರು, ನಕಲಿ ಯಾರು ಎಂದು ಹೇಗೆ ತಿಳಿಯುವುದು ಎಂಬ ಅನುಮಾನಕ್ಕೆ ಉತ್ತರ ಬರಹದಲ್ಲಿದೆ. 1981ರ ಸಿನಿ ಕಾರ್ಮಿಕರ ಕಾಯ್ದೆ ಕಥಾಚಿತ್ರದ ಕೆಲಸಗಾರರಿಗೆ ಲಿಖಿತ ಕರಾರು ಕಡ್ಡಾಯ ಮಾಡಿತ್ತು. ಟೀವಿ ಅದರ ಹೊರಗೇ ಉಳಿಯಿತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆ ಧಾರಾವಾಹಿ, ವೆಬ್ ಸರಣಿಗಳ ಕೆಲಸಗಾರರನ್ನೂ ಶ್ರವ್ಯ–ದೃಶ್ಯ ಕಾರ್ಮಿಕರೆಂದು ಒಳಗೆ ತಂದು ಲಿಖಿತ ಒಪ್ಪಂದ ಕೇಳುತ್ತದೆ. ಕಾಲ್‌ಶೀಟ್, ದಿನಗೂಲಿ, ಹಣ ಕೊಡುವ ಗಡುವು, ತೆರೆಯ ಮೇಲೆ ಹೆಸರು, ಇಷ್ಟನ್ನು ಕನ್ನಡದಲ್ಲಿ ಒಂದು ಪುಟದಲ್ಲಿ ಬರೆದು ಸಹಿ ಹಾಕಿಸಿದರೆ ಅದೇ ಮಂಡಳಿಯ ನೋಂದಣಿಗೆ ದಾಖಲೆ, ಅದೇ ರಾಯಧನಕ್ಕೆ ಆಧಾರ. ವಾಹಿನಿಗಳು ನಿರ್ಮಾಪಕರಿಗೆ ಹಣ ಬಿಡುಗಡೆ ಮಾಡುವ ಮುನ್ನ ಈ ಪುಟಗಳನ್ನು ಕೇಳಿ ಪಡೆಯಬೇಕು. ಹಳ್ಳಿಯ ನಾಟಕಕ್ಕೂ ಇದರ ಸರಳ ರೂಪ ಸಾಧ್ಯ: ಕರಪತ್ರದಲ್ಲಿ ಪ್ರತಿ ವೃತ್ತಿ ಕಲಾವಿದೆಯ ಹೆಸರು, ಮೇಷ್ಟ್ರ ಮತ್ತು ಪಂಚಾಯಿತಿಯ ಸಹಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನಕ್ಕೆ ಅರ್ಜಿ ಹಾಕುವಾಗ ಜೀವಮಾನದ ದುಡಿಮೆಗೆ ಪುರಾವೆ ತೋರಿಸಲಾಗದೆ ಹಿಂತಿರುಗುವ ಸ್ಥಿತಿ ಇದರಿಂದ ತಪ್ಪುತ್ತದೆ.

ಉಳಿದದ್ದು ಊರಿನ ಪ್ರಶ್ನೆ. ಮೈಸೂರು, ಧಾರವಾಡ, ಶಿವಮೊಗ್ಗ, ಕಲಬುರಗಿಗಳಲ್ಲಿ ರಂಗಾಯಣವಿದೆ, ಕೋಲಾರದ ಸೀಮೆಗೆ ಇಲ್ಲ. ಜಿಲ್ಲಾ ಕೇಂದ್ರದಲ್ಲಿ ಟಿ. ಚನ್ನಯ್ಯ ರಂಗಮಂದಿರವಿದೆ, ಕೆಜಿಎಫ್‌ನಿಂದ ಅದು ಸುಮಾರು 30 ಕಿಲೋಮೀಟರ್ ದೂರ. ಬೆಂಗಳೂರಿನ ನೆರಳಿನಲ್ಲಿ ಇಲ್ಲಿ ರಂಗಭೂಮಿ ಬೆಳೆಯದು ಎನ್ನುವವರಿಗೆ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರು ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರ ಉತ್ತರ ಕೊಟ್ಟಿದೆ. ಅಲ್ಲಿಯ ‘ಹುಣ್ಣಿಮೆ ಹಾಡು’ ಕಾರ್ಯಕ್ರಮಕ್ಕೆ ನಾಟಕ ನೋಡಲು ಜನ ಬೆಟ್ಟ ಹತ್ತಿ ಹೋದರು. ಗಣಿ ಊರಿನಲ್ಲಿ ಬಳಕೆಯಿಲ್ಲದೆ ನಿಂತ ಕಟ್ಟಡಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಒಂದನ್ನು ಹದಿನೈದು ಇಪ್ಪತ್ತು ನಟರ ಸಂಬಳದ ರೆಪರ್ಟರಿಗೆ ಕೊಟ್ಟು, ಕನ್ನಡದ ಜೊತೆಗೆ ತಮಿಳು, ತೆಲುಗು, ಉರ್ದು ಮನೆಮಾತಿನವರನ್ನೂ ಸೇರಿಸಿಕೊಂಡು ವರ್ಷವಿಡೀ ತಿರುಗಾಟ ಮಾಡಿಸಿದರೆ ಖರ್ಚಾಗುವುದು ಒಂದು ದೊಡ್ಡ ಸಿನಿಮಾದ ಪ್ರಚಾರಕ್ಕಿಂತ ಕಡಿಮೆ. ಅಲ್ಲಿ ಹದವಾದ ನಟರಿಗೆ ಬೆಂಗಳೂರಿನ ಧಾರಾವಾಹಿಯ ಕರೆ ಬಂದಾಗ, ಕಡಿಮೆ ದುಡ್ಡಿಗೆ ಒಪ್ಪಲೇಬೇಕಾದ ಅನಿವಾರ್ಯವಿಲ್ಲದೆ, ಬೆಲೆ ಹೇಳಿ ಹೋಗುವ ಬಲವಿರುತ್ತದೆ. ಯಾವ ಕಸುಬಿನಲ್ಲೂ ಗೌರವ ಎಂದರೆ ಬೇಡ ಎನ್ನಲು ಸಾಧ್ಯವಾಗುವುದು. ನಮ್ಮ ಪೋಷಕ ನಟರಿಗೆ ಆ ಸಾಧ್ಯತೆಯನ್ನು ಕಾರ್ಖಾನೆಗಳು, ಬ್ಯಾಂಕುಗಳು ಇಷ್ಟು ದಿನ ಕೊಟ್ಟಿದ್ದವು. ಇನ್ನು ಮುಂದೆ ಅವರ ನಟನೆಯಿಂದ ಗಳಿಸುವ ಉದ್ಯಮ, ಅದನ್ನು ನೋಡಿ ನಲಿಯುವ ಸಮಾಜ ಮತ್ತು ಇಬ್ಬರಿಂದಲೂ ತೆರಿಗೆ ಪಡೆಯುವ ಸರ್ಕಾರ ಸೇರಿ ಆ ಹೊಣೆಯನ್ನು ಹೊರಬೇಕು.